ಕಾರ್ಪೆಟ್ ಶಾರ್ಕ್ ಗುರುತಿಸಲು ಬಣ್ಣ ಮೇಲೋ, ಆಕಾರ ಮೇಲೋ?

ಡೈವಿಂಗ್ ವೇಳೆ ಕಾರ್ಪೆಟ್ ಶಾರ್ಕ್‌ಗಳನ್ನು, ಅಂದರೆ ಹೆಚ್ಚಾಗಿ ಕಡಲ ತಳದಲ್ಲಿರುವ, ಹಲವಕ್ಕೆ ಮೈಮೇಲೆ ಜಮಖಾನೆಯಂಥ ಚಿತ್ತಾರವಿರುವ ಶಾರ್ಕ್ ಗುಂಪನ್ನು, ಗುರುತಿಸಲು ಎರಡು ದಾರಿಗಳಿವೆ. ಮೈಮೇಲಿನ ಬಣ್ಣ, ಚಿತ್ತಾರ ನೋಡುವುದು ಒಂದು. ಬಾಲ, ಈಜುರೆಕ್ಕೆ, ಮೂತಿಯ ಸುತ್ತ ಜೋತ ಚರ್ಮದ ಕುಚ್ಚುಗಳ ಆಕಾರ ನೋಡುವುದು ಇನ್ನೊಂದು. ಎರಡನ್ನೂ ಪ್ರಯೋಗಿಸಿ ನೋಡಿದ ಮೇಲೆ ನಮ್ಮ ಒಲವು ಆಕಾರದ ಕಡೆಗೆ. 10 ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮಾಯವಾಗಿ, ಕಂದು ಮೈ ಬೂದು ಹಸಿರಾಗಿ ಕಾಣುತ್ತದೆ. ಟಾರ್ಚ್ ಇಲ್ಲದಿದ್ದರೆ ಬಣ್ಣದ ಮಾತೇ ಬೇಡ.

ಬಣ್ಣ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಝೀಬ್ರಾ ಶಾರ್ಕ್ ಸಾಕು. ಮರಿಗೆ ಕಪ್ಪು ಮೈಮೇಲೆ ಬಿಳಿ ಪಟ್ಟೆ, ಬೆಳೆದದ್ದಕ್ಕೆ ಬರೀ ಚುಕ್ಕೆ. ಬ್ರೌನ್‌ಬ್ಯಾಂಡೆಡ್ ಬ್ಯಾಂಬೂ ಶಾರ್ಕ್‌ನ ಮರಿಗೂ ಪಟ್ಟೆಗಳಿವೆ, ಬೆಳೆದಾಗ ಅವೂ ಮಾಸುತ್ತವೆ. ಬಾಲ ನೋಡಿದರೆ ಗೊಂದಲವಿಲ್ಲ: ಝೀಬ್ರಾದ ಬಾಲ ಇಡೀ ಉದ್ದದ ಹೆಚ್ಚುಕಡಿಮೆ ಅರ್ಧ, ಪಕ್ಕೆಯುದ್ದಕ್ಕೂ ಏಣುಗಳಿರುತ್ತವೆ. ಬ್ಯಾಂಬೂವಿನ ಪಕ್ಕೆ ನುಣುಪು. ಬೆನ್ನಿನ ರೆಕ್ಕೆಗಳ ಹಿಂದಂಚು ಒಳಬಾಗಿ, ಕೆಳತುದಿ ಹಿಂದಕ್ಕೆ ಚಾಚಿರುತ್ತದೆ. ಮರಳ ಮೇಲೆ ಮಲಗಿದ ಟಾನಿ ನರ್ಸ್ ಶಾರ್ಕ್ ದೂರದಿಂದ ಝೀಬ್ರಾದಂತೆ ಕಂಡರೂ ಅದಕ್ಕೆ ಏಣಿಲ್ಲ, ಚುಕ್ಕೆಯಿಲ್ಲ, ಬಾಲವೂ ಅಷ್ಟು ಉದ್ದವಿಲ್ಲ.

ಚಿತ್ತಾರವೇ ಗೆಲ್ಲುವ ಕಡೆಯೂ ಇದೆ. ಎಪಾಲೆಟ್ ಶಾರ್ಕ್‌ನ ಎದೆರೆಕ್ಕೆಯ ಮೇಲ್ಗಡೆ ಬಿಳಿ ಅಂಚಿನ ದೊಡ್ಡ ಕಪ್ಪು ಮಚ್ಚೆ ಇರುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅದನ್ನು ಕಂಡರೆ ಬೇರೇನೂ ನೋಡಬೇಕಿಲ್ಲ. ನ್ಯೂಗಿನಿ ಸುತ್ತಮುತ್ತ ಮಾತ್ರ ಅದರ ಹತ್ತಿರದ ಬಂಧುಗಳು ಹಲವಿರುವುದರಿಂದ ಮಚ್ಚೆಯೊಂದನ್ನೇ ನಂಬಬೇಡಿ.

ನಿಜವಾದ ಪರೀಕ್ಷೆ ವೊಬ್ಬೆಗಾಂಗ್‌ಗಳದ್ದು. ತಳಕ್ಕೆ ಅಂಟಿದಂತೆ ಮಲಗುವ, ಚಪ್ಪಟೆ ಮೈಯ ಕಾರ್ಪೆಟ್ ಶಾರ್ಕ್‌ಗಳಿವು. ಮೊದಲು ಗದ್ದ ನೋಡಿ. ಕವಲೊಡೆದ ಕುಚ್ಚುಗಳು ಗದ್ದದಡಿಯೂ ಗಡ್ಡದಂತೆ ಹಬ್ಬಿದ್ದರೆ ಅದು ಟಾಸೆಲ್ಡ್ ವೊಬ್ಬೆಗಾಂಗ್. ಉತ್ತರ ಆಸ್ಟ್ರೇಲಿಯಾ, ನ್ಯೂಗಿನಿ, ಇಂಡೋನೇಷ್ಯಾದ ರಾಜಾ ಅಂಪಾಟ್‌ ದ್ವೀಪಗಳಲ್ಲಿ ಸಿಗುತ್ತದೆ. ಗದ್ದ ಬೋಳಾಗಿದ್ದರೆ ಬೆನ್ನು ನೋಡಿ: ಬಿಳಿ ಉಂಗುರಗಳಿದ್ದು, ಕಣ್ಣಿನ ಮುಂದೆ ಮತ್ತು ಕೆಳಗೆ 6ರಿಂದ 10 ಕುಚ್ಚುಗಳಿದ್ದರೆ ಸ್ಪಾಟೆಡ್. ಉಂಗುರಗಳಿಲ್ಲದೆ, ತಡಿ ಹೊದಿಸಿದಂತೆ ಅಗಲ ಗಾಢ ಪಟ್ಟೆಗಳಿದ್ದರೆ ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಅದು ಆರ್ನೇಟ್ ಅಥವಾ ಬ್ಯಾಂಡೆಡ್. ಈ ಜೋಡಿ ಎಷ್ಟು ಹೋಲುತ್ತದೆಂದರೆ, ಚಿಕ್ಕದಾದ ಆರ್ನೇಟನ್ನು ದೊಡ್ಡದರ ಮರಿಯೆಂದೇ ಬಹುಕಾಲ ಎಣಿಸಲಾಗಿತ್ತು. 2006ರಲ್ಲಷ್ಟೇ ಎರಡೂ ಬೇರೆ ಎಂದು ಸ್ಪಷ್ಟವಾಯಿತು. ಆರ್ನೇಟ್ ಸುಮಾರು 1.2 ಮೀಟರಿಗೆ ನಿಲ್ಲುತ್ತದೆ, ಬ್ಯಾಂಡೆಡ್ 2 ಮೀಟರ್ ಮುಟ್ಟುತ್ತದೆ. ಎಡವುವುದು ಇಲ್ಲೇ: ಮಾಸ್ಕ್‌ನೊಳಗಿಂದ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತವೆ. 1.2 ಮೀಟರಿನದು 1.6 ಮೀಟರ್ ಅನಿಸುತ್ತದೆ. ಶಾರ್ಕ್ ಪಕ್ಕದ ಬಂಡೆಯ ಗುರುತುಗಳನ್ನು ನೆನಪಿಟ್ಟು, ಅದು ಹೋದ ಮೇಲೆ ಅಳೆಯಿರಿ. 1.2 ಮೀಟರಿಗಿಂತ ಚಿಕ್ಕದು ಎರಡರಲ್ಲಿ ಯಾವುದೂ ಆಗಿರಬಹುದು. ಅಲ್ಲಿ ಹೆಸರು ಬರೆಯದಿರುವುದೇ ಸರಿ.

ಕುಚ್ಚು ಎಣಿಸಲು ಕಣ್ಣಿಗಿಂತ ಫೋಟೊ ಮೇಲು. ಮೇಲಿನಿಂದ ಪೂರ್ತಿ ಉದ್ದದ್ದು ಒಂದು, ಓರೆಯಾಗಿ ಕಣ್ಣಿನ ಮಟ್ಟದಲ್ಲಿ ಒಂದು ಸಾಕು. ಬೆಳಕು ಪಕ್ಕದಿಂದ ಬೀಳಲಿ. ಕ್ಯಾಮೆರಾದ ಕಡೆಯಿಂದಲೇ ನೇರವಾಗಿ ಬಿದ್ದರೆ ನೀರಿನ ಕಣಗಳು ಹೊಳೆದು ಕುಚ್ಚುಗಳು ಮುಚ್ಚಿಹೋಗುತ್ತವೆ. ತಲೆಯಿಂದ 2 ಮೀಟರ್ ದೂರವಿರಿ, ಬಾಲವನ್ನಂತೂ ಮುಟ್ಟಲೇಬೇಡಿ: ವೊಬ್ಬೆಗಾಂಗ್ ತನ್ನ ಬಾಲ ಹಿಡಿದ ಕೈಯನ್ನೂ ಬಾಗಿ ಕಚ್ಚಬಲ್ಲದು, ಕಚ್ಚಿದರೆ ಸುಲಭವಾಗಿ ಬಿಡುವುದಿಲ್ಲ.