ಫೆಬ್ರುವರಿಯ ಶಿರಸಿ: ತೋಟ, ಊಟ, ಆಲೆಮನೆ

ಶಿರಸಿಗೆ ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ: ಯಾಣ, ಉಂಚಳ್ಳಿ, ಶಿವಗಂಗಾ, ಬುರುಡೆ. ಫೆಬ್ರುವರಿಯಲ್ಲಿ ಹೋಗುವವರು ಆ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಆ ಹೊತ್ತಿಗೆ ಜಲಪಾತಗಳಲ್ಲಿ ನೀರು ಇಳಿದಿರುತ್ತದೆ. ಆದರೆ ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ, ಗದ್ದೆಯಂಚಿನಲ್ಲಿ ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆ ನಡೆಯುತ್ತಿರುತ್ತದೆ, ಉಪ್ಪಿನಕಾಯಿಯ ಎಳೆ ಮಾವು ಅಪ್ಪೆಮಿಡಿ ಬರಲು ಶುರುವಾಗಿರುತ್ತದೆ. ಒಂದೇ ದಿನ ಕೈಯಲ್ಲಿದ್ದರೆ ಅದನ್ನು ಒಂದು ತೋಟದ ಮನೆಗೆ ಕೊಡಿ.

ನಾವು ಹುಬ್ಬಳ್ಳಿಯಿಂದ ಹೋದದ್ದು ನಾಲ್ವರು: ನಾನು, ನಮ್ಮ ಮನೆಯವರು, ಮಗಳು ಮತ್ತು ನನ್ನ ಅವ್ವ. ಶಿರಸಿಯಿಂದ ಯಲ್ಲಾಪುರದ ಕಡೆಗೆ ಹೋಗುವಾಗ ಒಳದಾರಿಯಲ್ಲಿರುವ ಒಂದು ಅಡಿಕೆ ತೋಟದ ಮನೆಯವರು ದಿನದ ಮಟ್ಟಿಗೆ ಅತಿಥಿಗಳನ್ನು ಕರೆಯುತ್ತಾರೆ. ನಾವು ಹೋದಾಗ ದೊಡ್ಡವರಿಗೆ 1,300 ರೂಪಾಯಿ, ಮಕ್ಕಳಿಗೆ ಅರ್ಧ ಇತ್ತು. ಬೆಳಗಿನ ತಿಂಡಿ, ತೋಟದ ಸುತ್ತಾಟ, ಮಧ್ಯಾಹ್ನದ ಊಟ, ಅವರದೇ ಜೀಪಿನಲ್ಲಿ ಸಹಸ್ರಲಿಂಗ ಮತ್ತು ಬನವಾಸಿ, ಸಂಜೆಗೆ ಆಲೆಮನೆ, ಎಲ್ಲ ಅದರಲ್ಲೇ ಬರುತ್ತದೆ. ದೊಡ್ಡ ಗುಂಪುಗಳು ಬರುವುದು ಅವರಿಗೆ ಇಷ್ಟವಿಲ್ಲ, ಹಾಗಾಗಿ ಹೆಸರು ಬರೆಯುತ್ತಿಲ್ಲ. ಇಂಥ ಮನೆಗಳು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಈಗ ಹಲವಿವೆ.

ಬೆಳಿಗ್ಗೆ ಎಂಟರ ಸುಮಾರಿಗೆ ಹೋಗಿ ಇಳಿದೆವು. ಕೈಕಾಲಿಗೆ ನೀರು, ಕುಡಿಯಲು ನೀರಿನ ಜೊತೆ ಒಂದು ತುಂಡು ಬೆಲ್ಲ, ಆಮೇಲೆ ತಿಂಡಿಗೆ ತೆಳ್ಳೇವು, ಈ ಕಡೆಯ ತೆಳು ದೋಸೆ. ಅಕ್ಕಿಹಿಟ್ಟಿಗೆ ಮೊಗೆಕಾಯಿ (ಬಣ್ಣದ ಸೌತೆ) ರುಬ್ಬಿ ಸೇರಿಸಿದ್ದರು. ಅಂಚು ಗರಿಗರಿ, ನಡುವೆ ಮೆತ್ತಗೆ. ಮೇಲೆ ತುಪ್ಪ, ಪಕ್ಕದಲ್ಲಿ ಆ ವರ್ಷದ ಹೊಸ ಜೋನಿಬೆಲ್ಲ, ಅಂದರೆ ನೀರುಬೆಲ್ಲ. ಅವ್ವ ನವಲಗುಂದದ ಕಡೆಯವಳು, ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಟ್ಟಿದ ಕೈ. ಅವಳು ತಿನ್ನುವುದನ್ನು ಬಿಟ್ಟು ಎದ್ದು ಒಲೆಯ ಹತ್ತಿರ ಹೋಗಿ ನಿಂತಳು. “ಇಷ್ಟ ತೆಳ್ಳಗ ಹೆಂಗ ಬಿಡ್ತಿಯವ್ವಾ?” ಮನೆಯಾಕೆ ಕಾವಲಿಯನ್ನೂ ಸಟ್ಟುಗವನ್ನೂ ಅವಳ ಕೈಗೇ ಕೊಟ್ಟರು. “ನೀವೇ ಒಂದು ಹೊಯ್ದು ನೋಡಿ ಅಮ್ಮ.” ದುಡ್ಡು ಕೊಟ್ಟು ಬಂದವರನ್ನು ಅಡುಗೆಮನೆಯ ಒಳಗೆ ಹೀಗೆ ಬಿಟ್ಟುಕೊಳ್ಳುವುದು ಎಲ್ಲ ಕಡೆ ಸಿಗುವುದಿಲ್ಲ. ನಾನು ಈ ಮನೆಗೆ ಪೂರ್ತಿ ಅಂಕ ಕೊಡುವುದು ಮೊದಲು ಇದಕ್ಕೆ.

ತೋಟದ ಸುತ್ತಾಟ ಎಂದರೆ ಕೆಲವು ರೆಸಾರ್ಟುಗಳಲ್ಲಿ ಹತ್ತು ನಿಮಿಷ ನಡೆಸಿ ಮಸಾಲೆ ಅಂಗಡಿಗೆ ತಂದು ಬಿಡುತ್ತಾರೆ. ಇಲ್ಲಿ ಎರಡು ತಾಸು ಹಿಡಿಯಿತು, ಅವಸರವೇ ಇರಲಿಲ್ಲ. ಯಜಮಾನರು ಮೊದಲು ಕರೆದುಕೊಂಡು ಹೋದದ್ದು ತೋಟಕ್ಕಲ್ಲ, ಮನೆಯ ಹಿಂದಿನ ಗುಡ್ಡಕ್ಕೆ. ತೋಟ ನಿಂತಿರುವುದೇ ಈ ಸೊಪ್ಪಿನ ಬೆಟ್ಟದ ಮೇಲೆ ಎಂದರು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದಿದೆ. ಜಾಗ ಸರ್ಕಾರದ್ದು, ಅಲ್ಲಿಯ ಸೊಪ್ಪು ಮತ್ತು ದರಕನ್ನು (ಉದುರಿದ ಒಣಎಲೆ) ಬಳಸುವ ಹಕ್ಕು ರೈತನದು. ಬೇಸಿಗೆಯಲ್ಲಿ ಒಣಎಲೆಗಳನ್ನು ಗುಡಿಸಿ ತಂದು ಕೊಟ್ಟಿಗೆಯಲ್ಲಿ ಹಾಸುತ್ತಾರೆ. ದನದ ಸಗಣಿ, ಗಂಜಲದ ಜೊತೆ ಅದು ಕೊಳೆತು ಗೊಬ್ಬರವಾಗಿ ಅಡಿಕೆಯ ಬುಡಕ್ಕೆ ಹೋಗುತ್ತದೆ. ಬೆಟ್ಟ, ಕೊಟ್ಟಿಗೆ, ತೋಟ ಮೂರನ್ನೂ ಆ ಕ್ರಮದಲ್ಲೇ ತೋರಿಸಿದ್ದರಿಂದ ಹನ್ನೊಂದು ವರ್ಷದ ನನ್ನ ಮಗಳಿಗೂ ಅರ್ಥವಾಯಿತು.

ತೋಟದೊಳಗೆ ಇಳಿದಾಗ ಬಿಸಿಲು ಅಲ್ಲೊಂದು ಇಲ್ಲೊಂದು ಚುಕ್ಕೆಯಷ್ಟೆ. “ನಮ್ಮ ಹೊಲದಾಗ ನೆಳ್ಳಂದ್ರ ಒಂದ ಬೇವಿನ ಗಿಡ. ಇಲ್ಲಿ ಬಿಸಲ ಹುಡುಕಬೇಕಾಗೇತಿ,” ಎಂದಳು ಅವ್ವ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ, ಸಾಲಿನ ನಡುವೆ ಏಲಕ್ಕಿ ಮತ್ತು ಬಾಳೆ, ಕಾಲುವೆಯ ಬದಿಗೆ ಒಂದೆರಡು ಜಾಯಿಕಾಯಿ ಮರ. ಒಂಬತ್ತು ಅಡಿಗೆ ಒಂದರಂತೆ ನೆಟ್ಟರೆ ಎಕರೆಗೆ ಐನೂರಕ್ಕೂ ಹೆಚ್ಚು ಅಡಿಕೆ ಮರ ಕೂರುತ್ತವೆ. ಅವ್ವನ ಪ್ರಶ್ನೆಗಳೆಲ್ಲ ರೈತರ ಪ್ರಶ್ನೆಗಳು: ಆಳು ಸಿಗುತ್ತಾರೋ, ಕೂಲಿ ಎಷ್ಟು, ಮಳೆ ಹೆಚ್ಚಾದರೆ ಏನು ಗತಿ. ಯಜಮಾನರೂ ಮುಚ್ಚುಮರೆಯಿಲ್ಲದೆ ಉತ್ತರಿಸಿದರು. ಮಳೆಗಾಲದ ಕೊಳೆರೋಗ ದೊಡ್ಡ ಶತ್ರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಇದು ಅದಕ್ಕೆ ಮದ್ದಾದ ಬೋರ್ಡೋ ದ್ರಾವಣದ ಲೆಕ್ಕ. ಅದನ್ನು ಜಾರುವ ಮರ ಹತ್ತಿ ಗೊನೆಗೊನೆಗೂ ಹೊಡೆಯಬೇಕು. ಮರ ಹತ್ತಿ ಮರದಿಂದ ಮರಕ್ಕೆ ಹಾಯುವ ಕೊನೆಗೌಡರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಹೊಸಬರು ಈ ಕೆಲಸಕ್ಕೆ ಬರುತ್ತಿಲ್ಲ. ಅದನ್ನು ಹೇಳುವಾಗ ಅವರ ದನಿ ತಗ್ಗಿತು. ಬಾಯಿಪಾಠದ ವಿವರಣೆಯಲ್ಲಿ ಇಂಥದ್ದು ಬರುವುದಿಲ್ಲ.

ಅಂಗಳದಲ್ಲಿ ಹಣ್ಣಡಿಕೆ ಚಾಲಿಯಾಗಲು, ಅಂದರೆ ಸಿಪ್ಪೆಸಮೇತ ಒಣಗಲು, ಹರಡಿಕೊಂಡಿತ್ತು. ಆರು ವಾರದಷ್ಟು ಬಿಸಿಲು ಬೇಕಂತೆ. ಜಗುಲಿಯಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿದ್ದರು, ನೋಡಲಿಕ್ಕೂ ಆಗದಷ್ಟು ಚುರುಕಾಗಿ. ಮಕ್ಕಳಿಗೆ ಆ ಕತ್ತಿಯನ್ನು ಮುಟ್ಟಲು ಬಿಡುವುದಿಲ್ಲ, ಸರಿಯಾದದ್ದೇ.

ಸಹಸ್ರಲಿಂಗಕ್ಕೆ ಹೋಗಲು ಇದೇ ಕಾಲ. ಶಾಲ್ಮಲಾ ನದಿಯಲ್ಲಿ ನೀರು ಕಡಿಮೆಯಾಗಿ ಬಂಡೆಗಳ ಮೇಲಿನ ಲಿಂಗ, ನಂದಿಗಳೆಲ್ಲ ಹೊರಗೆ ಕಾಣುತ್ತವೆ. ಸೋಂದೆಯ ಅರಸ ಸದಾಶಿವರಾಯ ಕೆತ್ತಿಸಿದ್ದು ಎನ್ನುತ್ತಾರೆ. ಬಂಡೆ ಜಾರುತ್ತದೆ, ವಯಸ್ಸಾದವರನ್ನು ಕೈ ಹಿಡಿದು ಇಳಿಸಿ. ಶಿವರಾತ್ರಿಯ ದಿನ ಮಾತ್ರ ಕಾಲಿಡಲು ಜಾಗ ಇರುವುದಿಲ್ಲ.

ಊಟದ ಬಗ್ಗೆ ಎಷ್ಟು ಬರೆದರೂ ಕಡಿಮೆ. ಬಾಳೆಎಲೆಯ ತುದಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಬಾಳೆದಿಂಡಿನ ಹಸಿ (ಮೊಸರಿನ ಪಚಡಿ), ಹಲಸಿನ ಹಪ್ಪಳ. ಅನ್ನಕ್ಕೆ ಮೊದಲು ಒಂದೆಲಗದ ತಂಬುಳಿ, ಆಮೇಲೆ ಮಜ್ಜಿಗೆಹುಳಿ. ತಂಬುಳಿ ತಣ್ಣಗೆ, ಜೀರಿಗೆಯ ವಾಸನೆ, ಎಣ್ಣೆ ಇಲ್ಲವೇ ಇಲ್ಲ ಅನ್ನುವಷ್ಟು. ಖಾರದ ಚಟ್ನಿಪುಡಿಗೆ ಒಗ್ಗಿದ ನಮ್ಮ ನಾಲಿಗೆಗೆ ಮೊದಲ ತುತ್ತು ಸಪ್ಪೆ ಅನ್ನಿಸಿತು, ಮೂರನೆಯ ತುತ್ತಿಗೆ ಮತ್ತೆ ಬಡಿಸಿಕೊಂಡೆವು. ಆದರೆ ನನ್ನ ಮಟ್ಟಿಗೆ ಆ ಊಟದ ರಾಜ ಅಪ್ಪೆಹುಳಿ. ಮಾವಿನಕಾಯಿ ಬೇಯಿಸಿ ಹಿಚುಕಿ, ನೀರು ಬೆರೆಸಿ, ಉಪ್ಪು, ಹಸಿಮೆಣಸು, ಮೇಲೆ ಇಂಗು–ಸಾಸಿವೆಯ ಒಗ್ಗರಣೆ. ಅನ್ನಕ್ಕೂ ಕಲಸಬಹುದು, ಲೋಟದಲ್ಲಿ ಹಾಗೆಯೇ ಕುಡಿಯಬಹುದು. ಕುಡಿದ ಮೇಲೆ ನಿದ್ದೆ ಬರುತ್ತದೆ ಎಂದು ಮನೆಯಾಕೆ ಮೊದಲೇ ಹೇಳಿದ್ದರು, ಜಗುಲಿಯ ಚಾಪೆಯ ಮೇಲೆ ನಮ್ಮ ಮನೆಯವರು ಅದನ್ನು ನಿಜ ಮಾಡಿದರು.

ಇಲ್ಲಿಯೇ ನನ್ನ ಒಂದು ಆಕ್ಷೇಪ. ಊಟಕ್ಕೆ ಕೂತಾಗಲೇ ಎರಡು ದಾಟಿತ್ತು, ಆ ಮೇಲೆ ಬನವಾಸಿ. ಸಹಸ್ರಲಿಂಗ ಒಂದು ದಿಕ್ಕು, ಬನವಾಸಿ ಶಿರಸಿ ದಾಟಿ ಇನ್ನೊಂದು ದಿಕ್ಕು, ಶಿರಸಿ ಪೇಟೆಯಿಂದಲೇ ಇಪ್ಪತ್ತೈದು ಕಿಲೋಮೀಟರ್ ಹತ್ತಿರ. ದಾರಿ ಚೆನ್ನಾಗಿದೆ, ಹತ್ತಿರವಾಗುತ್ತಿದ್ದಂತೆ ಅನಾನಸ್ ಹೊಲಗಳು ಶುರುವಾಗುತ್ತವೆ. ಈ ಭಾಗದ ಅನಾನಸ್ ದಿಲ್ಲಿಯವರೆಗೆ ಲಾರಿಯಲ್ಲಿ ಹೋಗುತ್ತದೆ. ಇಳಿದು ಒಂದು ಹೊಲ ನೋಡೋಣವೆಂದರೆ ಹೊತ್ತಿರಲಿಲ್ಲ. ಮಧುಕೇಶ್ವರ ದೇವಸ್ಥಾನದಲ್ಲಿ ಮುಕ್ಕಾಲು ತಾಸೂ ಸಿಗಲಿಲ್ಲ. ವರದಾ ನದಿ ಬಳಸಿ ಹರಿಯುವ, ಕನ್ನಡಿಗರ ಮೊದಲ ರಾಜಮನೆತನ ಕದಂಬರ ರಾಜಧಾನಿಯಾಗಿದ್ದ ಊರು. ಮಯೂರಶರ್ಮ ಇಲ್ಲಿಂದ ಆಳಿದ್ದು 4ನೇ ಶತಮಾನದಲ್ಲಿ. ಅದಕ್ಕೂ ಹಿಂದಿನ, ಪ್ರಾಕೃತ ಶಾಸನವಿರುವ ಐದು ಹೆಡೆಯ ನಾಗರಕಲ್ಲು ಆ ಆವರಣದಲ್ಲೇ ಇದೆ. ಭಾರೀ ನಂದಿ, ಕುಸುರಿ ಕೆಲಸದ ಕಲ್ಲಿನ ಮಂಚ, ಒಂದೊಂದರ ಮುಂದೆಯೂ ನಿಲ್ಲಬೇಕೆನಿಸುತ್ತದೆ. ಇಂಥ ಊರನ್ನು ಊಟ ಮತ್ತು ಆಲೆಮನೆಯ ನಡುವೆ ತುರುಕುವುದು ಸರಿಯಲ್ಲ. ಬನವಾಸಿಗೆ ಅರ್ಧ ದಿನ ಬೇರೆಯೇ ಇಡಿ, ಬೆಳಿಗ್ಗೆಯೇ ಹೋಗಿ. ಇದನ್ನು ಯಜಮಾನರಿಗೂ ಹೇಳಿದೆ. ಬಂದವರಲ್ಲಿ ಹೆಚ್ಚಿನವರು ಬನವಾಸಿ ಬೇಕೇ ಬೇಕು ಅನ್ನುತ್ತಾರೆ ಎಂದರು. ಬೇಡ ಎಂದು ನೀವು ಹೇಳಿದರೆ ತೋಟದಲ್ಲೇ ಉಳಿಯಲು ಬಿಡುತ್ತಾರೆ.

ಆಲೆಮನೆಗೆ ಬಂದಾಗ ಕತ್ತಲಾಗಿತ್ತು. ಗಾಣಕ್ಕೆ ಕೋಣ ಕಟ್ಟುವ ಕಾಲ ಹೋಗಿ ಯಂತ್ರ ಬಂದಿದೆ, ಅದರ ಸದ್ದು ಜೋರು. ಆದರೆ ಕೊಪ್ಪರಿಗೆ, ಒಲೆ, ಕಬ್ಬಿನ ಸಿಪ್ಪೆಯ ಬೆಂಕಿ ಹಳೆಯದೇ. ನೆರೆಯ ನಾಲ್ಕಾರು ಮನೆಯವರು ಸೇರಿ ನಡೆಸುವ ಆಲೆಮನೆ, ಪ್ರವಾಸಿಗರಿಗೆಂದು ಹೂಡಿದ್ದಲ್ಲ. ನಾವು ಬಾರದಿದ್ದರೂ ಅಂದು ಅಲ್ಲಿ ಬೆಲ್ಲ ಕಾಯುತ್ತಿತ್ತು. ತಂಬಿಗೆಯಲ್ಲಿ ಕಬ್ಬಿನಹಾಲು ಕೊಟ್ಟರು, ಜೊತೆಗೆ ಖಾರದ ಮಂಡಕ್ಕಿ, ಮಿರ್ಚಿ ಭಜಿ. ಸಿಹಿ ಸಾಕೆನಿಸಿದಾಗ ಖಾರ, ಖಾರ ಹತ್ತಿದಾಗ ಮತ್ತೆ ಹಾಲು. ಒಬ್ಬರು ಕುದಿಯುವ ಕೊಪ್ಪರಿಗೆಯಿಂದ ನೊರೆ ತೆಗೆದು ಬಾಳೆಎಲೆಯ ಚೂರಿನ ಮೇಲೆ ಹಾಕಿಕೊಟ್ಟರು. ಮಗಳು ಬೆರಳು ನೆಕ್ಕುತ್ತಲೇ ಇದ್ದಳು.

ಪಕ್ಕದಲ್ಲಿ ಅಜ್ಜಿಯೊಬ್ಬರು ತೊಡದೇವು ಮಾಡುತ್ತಿದ್ದರು. ಬೆಂಕಿಯ ಮೇಲೆ ಬೋರಲು ಹಾಕಿದ ಮಣ್ಣಿನ ಮಡಕೆ. ಕಬ್ಬಿನಹಾಲಿನಲ್ಲಿ ಅಕ್ಕಿ ರುಬ್ಬಿದ ತೆಳು ಹಿಟ್ಟು. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ ಮಡಕೆಯ ಬೆನ್ನಿಗೆ ಒಮ್ಮೆ ಎಳೆದರೆ ಸಾಕು, ಕ್ಷಣದಲ್ಲಿ ಕಾಗದದಂಥ ಹಾಳೆ ಎದ್ದು ಬರುತ್ತದೆ. ಬಿಸಿ ಇರುವಾಗಲೇ ಮಡಚಬೇಕು, ತಡವಾದರೆ ಪುಡಿ. ಮೇಲೆ ತುಪ್ಪ ಸವರಿ ಕೊಡುತ್ತಾರೆ. ಪೊಟ್ಟಣದ ತೊಡದೇವನ್ನು ಹುಬ್ಬಳ್ಳಿಯಲ್ಲೂ ತಿಂದಿದ್ದೇನೆ, ಮಡಕೆಯಿಂದ ನೇರ ಕೈಗೆ ಬಂದದ್ದರ ಮುಂದೆ ಅದನ್ನು ಹೋಲಿಸಲೇಬಾರದು. ಅವ್ವ ಅಜ್ಜಿಯ ಪಕ್ಕ ಮಣೆ ಹಾಕಿಕೊಂಡು ಕೂತಳು. ಒಬ್ಬರದು ಹವ್ಯಕರ ಮಾತು, ಇನ್ನೊಬ್ಬರದು ನವಲಗುಂದದ್ದು. ಸೊಂಟನೋವಿನಿಂದ ಹಿಡಿದು ಸೊಸೆಯಂದಿರವರೆಗೆ ಎಲ್ಲವನ್ನೂ ಮಾತಾಡಿ ಮುಗಿಸಿದರು.

ಒಂದಿಷ್ಟು ಉಪಯೋಗದ ಮಾತು. ತೋಟದ ಮನೆಯಲ್ಲಿ ಶೌಚಾಲಯ ಒಂದೇ, ಅಂಗಳದ ಆಚೆ. ಸ್ವಚ್ಛವಾಗಿದೆ, ಆದರೆ ಮಂಡಿನೋವಿನವರಿಗೆ ಕಷ್ಟ. ಮೊಬೈಲ್ ಸಿಗ್ನಲ್ ಇಲ್ಲ. ಜೋನಿಬೆಲ್ಲ ಆಲೆಮನೆಯಲ್ಲೇ ಕಿಲೋಗೆ 130 ರೂಪಾಯಿಗೆ ಸಿಕ್ಕಿತು, ಬಾಯಿ ಅಗಲದ ಸ್ಟೀಲ್ ಡಬ್ಬಿ ಒಯ್ಯಿರಿ. ಅಡಿಕೆ, ಮೆಣಸು, ಹಪ್ಪಳ, ಮುರುಗಲು (ಕೋಕಂ) ಶರಬತ್ತು ಬೇಕಿದ್ದರೆ ಶಿರಸಿ ಪೇಟೆಯಲ್ಲಿ ಟಿಎಸ್‌ಎಸ್ ಸೂಪರ್ ಮಾರ್ಕೆಟ್ ಇದೆ. ಅಡಿಕೆ ಬೆಳೆಗಾರರು 1923ರಲ್ಲಿ ಕಟ್ಟಿಕೊಂಡ ಸಹಕಾರ ಸಂಘದ ಅಂಗಡಿ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ. ಕದಂಬ ಮಾರ್ಕೆಟಿಂಗ್ ಎಂಬ ಇನ್ನೊಂದು ಸಹಕಾರಿಯ ಅಂಗಡಿಯಲ್ಲೂ ಹಲಸಿನ ತಿನಿಸುಗಳು ಚೆನ್ನಾಗಿರುತ್ತವೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆ ವಾರ ಊರೊಳಗೆ ಗಾಡಿ ತರಬೇಡಿ.

ಫೋನ್ ಮಾಡಿದಾಗ ಕೋಣೆ, ಊಟ ಕೇಳುವುದಕ್ಕಿಂತ ಮೊದಲು ಆಲೆಮನೆ ಯಾವ ದಿನ ಎಂದು ಕೇಳಿ, ಅದಕ್ಕೆ ನಿಮ್ಮ ರಜೆ ಹೊಂದಿಸಿಕೊಳ್ಳಿ. ಕಬ್ಬು ಮುಗಿದ ಮೇಲೆ ಹೋದವರಿಗೆ ತೋಟ ಸಿಗುತ್ತದೆ, ಊಟ ಸಿಗುತ್ತದೆ, ತೊಡದೇವು ಮಾತ್ರ ಪೊಟ್ಟಣದ್ದೇ. ರಾತ್ರಿ ಹುಬ್ಬಳ್ಳಿಗೆ ಮರಳುವವರು ಎಂಟಕ್ಕೆ ಮುಂಚೆ ಹೊರಡಿ, ಮುಂಡಗೋಡದವರೆಗೆ ಕಾಡಿನ ರಸ್ತೆ.