ಎನ್‌ವಿಎಸ್‌ಎಸ್ ಆಕಾಶ ನಕ್ಷೆ: ಹಳೇ ಗಿರಾಕಿಯ ಅಭಿಪ್ರಾಯ

ನಿವೃತ್ತಳಾಗಿ ಎರಡು ವರ್ಷವಾಯಿತು. ಈಗಲೂ ಬೆಳಗ್ಗೆ ಕಾಫಿ ಲೋಟ ಹಿಡಿದು ಕಂಪ್ಯೂಟರ್ ಮುಂದೆ ಕೂತರೆ ಕೈ ತಾನಾಗಿ ಹೋಗುವುದು ಎನ್‌ವಿಎಸ್‌ಎಸ್ ಚಿತ್ರಸೇವೆಗೆ. ಆಕಾಶದ ಯಾವ ಜಾಗ, ಎಷ್ಟು ಅಗಲ ಅಂತ ಹೇಳಿದರೆ ಸಾಕು, ಅಲ್ಲಿನ ರೇಡಿಯೊ ಚಿತ್ರ ಬರುತ್ತದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಕೂಡ ಇಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ವಿಎಲ್‌ಎ ಎಂಬ ರೇಡಿಯೊ ದೂರದರ್ಶಕವಿದೆ. 25 ಮೀಟರ್ ಅಗಲದ 27 ಡಿಶ್‌ಗಳು, ಹಳಿ ಮೇಲೆ ಜರುಗಿಸಬಹುದು. ಅವನ್ನೆಲ್ಲ ಹತ್ತಿರ ಹತ್ತಿರ ನಿಲ್ಲಿಸಿ 1993ರಿಂದ 1996ರವರೆಗೆ ಆಕಾಶದ ನೂರಕ್ಕೆ 82 ಪಾಲನ್ನು 1.4 ಗಿಗಾಹರ್ಟ್ಸ್ ಆವರ್ತನದ ರೇಡಿಯೊ ಅಲೆಗಳಲ್ಲಿ ತೆಗೆದರು. ಎರಡು ಲಕ್ಷಕ್ಕೂ ಜಾಸ್ತಿ ಪುಟ್ಟ ಪುಟ್ಟ ಚಿತ್ರಗಳು. ಅವನ್ನು ಹೊಂದಿಸಿ, ಸುಮಾರು 18 ಲಕ್ಷ ರೇಡಿಯೊ ಮೂಲಗಳ ಪಟ್ಟಿ ಮಾಡಿದರು. ಇದೇ ಎನ್‌ವಿಎಸ್‌ಎಸ್, ಖಗೋಳ ವಿಜ್ಞಾನಿ ಜಿಮ್ ಕಾಂಡನ್ ಮತ್ತು ಜೊತೆಯವರ ಕೆಲಸ. ನನಗೆ ಅವರ ಮೇಲೆ ಗೌರವ ಬರಲು ಬೇರೆಯೇ ಕಾರಣವಿದೆ. ಚಿತ್ರ ತಯಾರಾದ ಹಾಗೆಲ್ಲ, ತಾವು ಮೊದಲು ಪ್ರಬಂಧ ಬರೆದುಕೊಳ್ಳೋಣ ಅಂತ ಕಾಯದೆ, ಎಲ್ಲರಿಗೂ ಬಿಟ್ಟುಕೊಟ್ಟರು. ಬೆಂಗಳೂರಲ್ಲಿ ಕೂತಿದ್ದ ನನಗೂ, ಅಮೆರಿಕದಲ್ಲಿ ಕೂತ ದೊಡ್ಡ ಪ್ರೊಫೆಸರಿಗೂ ಒಂದೇ ಚಿತ್ರ, ಒಂದೇ ದಿನ.

ನಾನು ಆಕಾಶ ನಕ್ಷೆ ಓದಲು ಕಲಿತದ್ದು ಗೌರಿಬಿದನೂರಿನ 34.5 ಮೆಗಾಹರ್ಟ್ಸ್ ನಕ್ಷೆಯಿಂದ. ದ್ವಾರಕಾನಾಥ್ ಮತ್ತು ಉದಯಶಂಕರ್ 1990ರಲ್ಲಿ ಪ್ರಕಟಿಸಿದ್ದು. ಬಟ್ಟೆ ಒಣಹಾಕುವ ತಂತಿಗಳ ಹಾಗೆ ಕಾಣುವ ಆಂಟೆನಾ ಸಾಲುಗಳು ಅಷ್ಟು ದೊಡ್ಡ ಆಕಾಶ ನೋಡಿದ್ದು ಸಣ್ಣ ಮಾತಲ್ಲ. ಆದರೆ ಅದರಲ್ಲಿ ಒಂದು ಚುಕ್ಕೆ ಎಂದರೆ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಅಗಲ. ಎನ್‌ವಿಎಸ್‌ಎಸ್‌ನಲ್ಲಿ ಚುಕ್ಕೆಯ ಅಗಲ 45 ಆರ್ಕ್ ಸೆಕೆಂಡ್ (ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್ ಸೆಕೆಂಡ್). ಚಂದ್ರನ ಉದ್ದಕ್ಕೆ ಅಂಥವು ನಲವತ್ತು ಕೂರುತ್ತವೆ. ಮೊದಲ ಸಲ ನೋಡಿದಾಗ ಕನ್ನಡಕ ಹಾಕಿಕೊಂಡಂತಾಯಿತು.

ಈಗಿನ ಹುಡುಗರು ಇದನ್ನೇ ಮಸುಕು ಅಂತಾರೆ. ಅದೇ ವಿಎಲ್‌ಎಯಲ್ಲಿ ಡಿಶ್‌ಗಳನ್ನು ದೂರ ದೂರ ಇಟ್ಟು ಮಾಡಿದ ಫಸ್ಟ್ ಎಂಬ ಸಮೀಕ್ಷೆ 5 ಆರ್ಕ್ ಸೆಕೆಂಡ್ ತೋರಿಸುತ್ತದೆ. ಅದು ಚೂಪು, ನಿಜ. ಆದರೆ ನಾನು ಹುಡುಕುತ್ತಿದ್ದದ್ದು ದೈತ್ಯ ರೇಡಿಯೊ ಗೆಲಾಕ್ಸಿಗಳನ್ನು. ನಡುವೆ ಒಂದು ಗೆಲಾಕ್ಸಿ, ಎರಡೂ ಕಡೆ ಲಕ್ಷಾಂತರ ಜ್ಯೋತಿರ್ವರ್ಷ ಹರಡಿದ ತೆಳು ಮೋಡ. ಡಿಶ್‌ಗಳು ದೂರವಾದಷ್ಟೂ ಹಾಗೆ ಹರಡಿದ ಬೆಳಕು ಅವುಗಳ ಕೈಗೆ ಸಿಗುವುದಿಲ್ಲ. ಫಸ್ಟ್‌ನಲ್ಲಿ ಖಾಲಿ ಕಂಡ ಜಾಗದಲ್ಲಿ ಎನ್‌ವಿಎಸ್‌ಎಸ್ ದಪ್ಪ ಮೋಡ ತೋರಿಸಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಹಾಗಂತ ಕಣ್ಣು ಮುಚ್ಚಿ ನಂಬಬೇಡಿ. ಒಂದು ಸಲ ಚೆಂದದ ಜೋಡಿ ಮೋಡ ಸಿಕ್ಕಿತು ಅಂತ ಎರಡು ತಿಂಗಳು ಅದರ ಹಿಂದೆ ಬಿದ್ದೆ. ಸಹೋದ್ಯೋಗಿಗಳಿಗೆ ಮೈಸೂರುಪಾಕೂ ತಿನ್ನಿಸಿಬಿಟ್ಟಿದ್ದೆ. ಆಮೇಲೆ ಫಸ್ಟ್ ಚಿತ್ರ ತೆಗೆದು ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಗೆಲಾಕ್ಸಿಗಳು, ಸುಮ್ನೆ ಅಕ್ಕಪಕ್ಕ ಕಾಣುತ್ತಿದ್ದವು. ತಪ್ಪು ನನ್ನದೇ. ಎರಡನ್ನೂ ಮೊದಲೇ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು.

ಕೊರತೆ ಅಂದರೆ ದಕ್ಷಿಣ. ಆಕಾಶದ ಅಕ್ಷಾಂಶದಲ್ಲಿ ಮೈನಸ್ 40 ಡಿಗ್ರಿಗೆ, ಅಂದರೆ ದಕ್ಷಿಣಕ್ಕೆ 40 ಡಿಗ್ರಿಗೆ ನಕ್ಷೆ ಮುಗಿಯುತ್ತದೆ. ನಮ್ಮೂರ ಬಾನಲ್ಲಿ ಹೊಳೆಯುವ ಅಗಸ್ತ್ಯ ನಕ್ಷತ್ರದ ಜಾಗವೇ ಇದರಲ್ಲಿ ಇಲ್ಲ! ಅದಕ್ಕೆ ನಮ್ಮ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ ಟಿಜಿಎಸ್‌ಎಸ್ ಎಂಬ ಸಮೀಕ್ಷೆ ಇದೆ. ಪುಣೆ ಹತ್ತಿರದ ಖೋಡದ್‌ನಿಂದ 150 ಮೆಗಾಹರ್ಟ್ಸ್‌ನಲ್ಲಿ 2010ರಿಂದ 2012ರವರೆಗೆ ನೋಡಿದ್ದು. ಹ್ಯೂಬ್ ಇಂಟೆಮಾ ಮತ್ತು ಸಂಗಡಿಗರು ಅದನ್ನು ಹೊಸದಾಗಿ ಸಂಸ್ಕರಿಸಿ 2017ರಲ್ಲಿ ಪ್ರಕಟಿಸಿದರು. ಅದು ಮೈನಸ್ 53ರವರೆಗೆ, ಅಂದರೆ ಅಗಸ್ತ್ಯನ ಹೊಸ್ತಿಲವರೆಗೆ ಹೋಗುತ್ತದೆ. ಕೆಲವು ಕಡೆ ಅದರ ಪ್ರಕಾಶದ ಅಳತೆ ಸ್ವಲ್ಪ ಆಚೀಚೆ ಇದೆ, ಗಮನವಿರಲಿ. ಆದರೂ ವಯಸ್ಸಾದ ಮೋಡಗಳು ಕಡಿಮೆ ಆವರ್ತನದಲ್ಲೇ ಜಾಸ್ತಿ ಹೊಳೆಯುವುದರಿಂದ, ಇದನ್ನೂ ಎನ್‌ವಿಎಸ್‌ಎಸ್ಸನ್ನೂ ಹೋಲಿಸಿದರೆ ಯಾವ ಮೋಡ ಹಳತು ಅಂತ ಅಂದಾಜು ಸಿಗುತ್ತದೆ. ನನ್ನ ಪ್ರಬಂಧಗಳಲ್ಲಿ ಅರ್ಧ ಈ ಹೋಲಿಕೆಯ ಮೇಲೇ ನಿಂತಿವೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಅಗಸ್ತ್ಯನಿಗಾಗಿ.

ಮೊದಲ ಸಲ ನೋಡುವವರು 3ಸಿ 236 ಎಂಬ ದೈತ್ಯ ರೇಡಿಯೊ ಗೆಲಾಕ್ಸಿಯಿಂದ ಶುರು ಮಾಡಿ. ವಿಳಾಸ 10 06 01.7, +34 54 10. ಅಗಲ ಮಾತ್ರ ಒಂದು ಡಿಗ್ರಿ ಹಾಕಿ. ಕಡಿಮೆ ಹಾಕಿದರೆ ನಡುವಿನ ಚುಕ್ಕೆ ಮಾತ್ರ ಬರುತ್ತದೆ, ಚಂದ್ರನಿಗಿಂತ ಉದ್ದ ಚಾಚಿದ ಎರಡು ರೆಕ್ಕೆಗಳು ಚಿತ್ರದ ಹೊರಗೇ ಉಳಿದುಬಿಡುತ್ತವೆ.