ನಾಯಿ ತರಬೇತುದಾರರ ಕೋರ್ಸ್: ಹಣ ಕಟ್ಟುವ ಮುನ್ನ ಒಂದು ತರಗತಿ ನೋಡಿ ಬನ್ನಿ

ನಾಯಿಗಳ ತರಬೇತಿಯನ್ನೇ ವೃತ್ತಿಯಾಗಿಸಿಕೊಳ್ಳಲು ನಾನು ಎರಡು ಕೋರ್ಸ್‌ಗಳನ್ನು ಮಾಡಿದ್ದೇನೆ. ಮೊದಲನೆಯದು ಬೆಂಗಳೂರಿನ ಹೊರವಲಯದಲ್ಲಿ ಹತ್ತು ದಿನಗಳ ವಸತಿ ಶಿಬಿರ. ಎರಡನೆಯದು ಆರು ತಿಂಗಳ ಕಾಲ ವಾರಾಂತ್ಯಗಳಲ್ಲಿ ನಡೆದದ್ದು. ಎರಡರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಎರಡಕ್ಕೂ ಇರುವ ಅಂತರವನ್ನು ಮಾತ್ರ ಹೇಳುತ್ತೇನೆ.

ಮೊದಲ ಶಿಬಿರದಲ್ಲಿ ನಾವು ಇಪ್ಪತ್ತೆರಡು ಮಂದಿ, ನಾಯಿಗಳು ನಾಲ್ಕು. ಆ ನಾಲ್ಕೂ ಸಂಸ್ಥೆಯವರೇ ಮೊದಲೇ ಪಳಗಿಸಿಟ್ಟವು. ‘ಸಿಟ್’ ಎಂದು ಯಾರು ಹೇಳಿದರೂ ಕೂರುತ್ತಿದ್ದವು. ಕಲಿಯದ ನಾಯಿಗೆ ಕಲಿಸುವುದು ಹೇಗೆಂಬ ಪ್ರಶ್ನೆಯೇ ಅಲ್ಲಿ ಹುಟ್ಟಲಿಲ್ಲ. ದಿನಕ್ಕೆ ಹದಿನೈದು ನಿಮಿಷ ನಾಯಿಯ ಹಗ್ಗ ಕೈಗೆ ಸಿಕ್ಕಿದರೆ ಹೆಚ್ಚು. ನಾಲ್ಕನೆಯ ದಿನ ಒಂದು ಎಳೆಯ ಲ್ಯಾಬ್ರಡಾರ್‌ಗೆ, ಎಳೆದಷ್ಟೂ ಕುತ್ತಿಗೆ ಬಿಗಿಯುವ ಚೋಕ್ ಚೈನ್ ತೊಡಿಸಿ ಜಗ್ಗಿದಾಗ, ಅದು ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡು, ತುಟಿ ನೆಕ್ಕಿಕೊಂಡು, ಮುಖವನ್ನು ಪಕ್ಕಕ್ಕೆ ತಿರುಗಿಸಿತು. ಭಯದ ಈ ಸ್ಪಷ್ಟ ಚಿಹ್ನೆಗಳನ್ನು ಬೋಧಕರು ವಿಧೇಯತೆ ಎಂದು ವಿವರಿಸಿದರು. ಯಜಮಾನ ಯಾರೆಂಬುದು ನಾಯಿಗೆ ಗೊತ್ತಾಗಬೇಕು ಎಂದರು. ಗುಂಪಿನಲ್ಲಿ ಬಲದಿಂದ ಮೇಲೆ ಬಂದ ಒಂದು ಪ್ರಾಣಿ ಉಳಿದವನ್ನು ಆಳುತ್ತದೆ ಎಂಬ ಈ ‘ಆಲ್ಫಾ’ ವಾದಕ್ಕೆ ಮೂಲ, ಸೆರೆಯಲ್ಲಿಟ್ಟ ತೋಳಗಳ ಅಧ್ಯಯನ. ಅದನ್ನು 1970ರ ತನ್ನ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ ವಿಜ್ಞಾನಿ ಡೇವಿಡ್ ಮೆಕ್ ಅವರೇ, ಕಾಡಿನ ತೋಳಗಳ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮರಿಗಳ ಸಂಸಾರವೆಂದು 1999ರಲ್ಲಿ ಬರೆದರು. ಅಮೆರಿಕದ ಪ್ರಾಣಿವರ್ತನೆ ಪಶುವೈದ್ಯರ ಸಂಘವೂ 2021ರ ತನ್ನ ಹೇಳಿಕೆಯಲ್ಲಿ, ಎಲ್ಲ ನಾಯಿಗಳಿಗೂ ಬಹುಮಾನ ಆಧಾರಿತ ವಿಧಾನಗಳನ್ನೇ ಬಳಸಬೇಕೆಂದು ಶಿಫಾರಸು ಮಾಡಿದೆ. ಹಳೆಯ ವಾದವನ್ನು ಇಂದಿಗೂ ಹಣ ಪಡೆದು ಬೋಧಿಸುವುದು ನನಗೆ ತೀರಾ ನೋವಿನ ಸಂಗತಿ, ಏಕೆಂದರೆ ಅದರ ಬೆಲೆ ತೆರುವುದು ಮಾತು ಬಾರದ ಜೀವ.

ಎರಡನೆಯ ಕೋರ್ಸ್‌ನಲ್ಲಿ ಪ್ರತಿಯೊಬ್ಬರೂ ತಮ್ಮದೇ ನಾಯಿಯನ್ನೋ ಆಶ್ರಯಧಾಮದ ನಾಯಿಯನ್ನೋ ಕರೆತರಬೇಕಿತ್ತು. ನಾನು ಬೀದಿಯಲ್ಲಿ ಹುಟ್ಟಿದ ಕರಿಯನಿಗೆ ಚಾಪೆಯ ಮೇಲೆ ಮಲಗುವುದನ್ನು ಕಲಿಸುತ್ತಿದ್ದೆ. ಮೂರು ವಾರವಾದರೂ ಅವನಿಗೆ ಹತ್ತಲಿಲ್ಲ. ನಾಯಿ ಸರಿಯಾಗಿ ಮಾಡಿದ ಕ್ಷಣಕ್ಕೆ ‘ಕ್ಲಿಕ್’ ಎಂದು ಸದ್ದು ಮಾಡಿ, ಆಮೇಲೆ ತಿನಿಸು ಕೊಡಲು ಬಳಸುವ ಪುಟ್ಟ ಸಾಧನ ಕ್ಲಿಕ್ಕರ್. ಬೋಧಕಿ ನನ್ನ ವಿಡಿಯೊವನ್ನು ನಿಧಾನಗತಿಯಲ್ಲಿ ತೋರಿಸಿದರು: ಕ್ಲಿಕ್ಕರ್ ಒತ್ತುವ ಮೊದಲೇ ನನ್ನ ಬಲಗೈ ತಿನಿಸಿನ ಚೀಲದತ್ತ ಹೊರಟಿರುತ್ತಿತ್ತು. ಕರಿಯ ಸದ್ದನ್ನು ಕೇಳುತ್ತಲೇ ಇರಲಿಲ್ಲ, ನನ್ನ ಕೈಯನ್ನು ಕಾಯುತ್ತಿದ್ದ. ಅಂದು ಅರ್ಧ ಗಂಟೆ ನಾಯಿಯಿಲ್ಲದೆ, ಟೆನಿಸ್ ಚೆಂಡು ನೆಲ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಕ್ಲಿಕ್ ಮಾಡುವುದನ್ನಷ್ಟೇ ಅಭ್ಯಾಸ ಮಾಡಿಸಿದರು. ಮುಂದಿನ ಭಾನುವಾರ ಕರಿಯ ತಾನಾಗಿ ಚಾಪೆಗೆ ಹೋಗಿ ಮಲಗಿದ. ನಮ್ಮ ಕೈಯ ತಪ್ಪನ್ನು ಹೀಗೆ ಹಿಡಿದು ತಿದ್ದುವವರು ಎದುರಿಗಿಲ್ಲದ ಕೋರ್ಸ್‌ಗೆ ಎಷ್ಟು ಶುಲ್ಕ ಕೊಟ್ಟರೂ ದಂಡವೇ.

ಈ ಕೋರ್ಸ್‌ನಲ್ಲಿಯೂ ಕೊರತೆಗಳಿದ್ದವು. ಕಚ್ಚುವ, ಹೆದರುವ ನಾಯಿಗಳ ವಿಷಯಕ್ಕೆ ಎರಡೇ ತರಗತಿಗಳನ್ನು ಕೊಟ್ಟಿದ್ದರು. ಓದಬೇಕಾದದ್ದೆಲ್ಲ ಇಂಗ್ಲಿಷ್‌ನಲ್ಲಿಯೇ ಇತ್ತು. ವರ್ಷಗಟ್ಟಲೆ ನಾಯಿಗಳಿಗೆ ಸ್ನಾನ ಮಾಡಿಸಿ, ಊಟ ಹಾಕಿ, ನಮಗಿಂತ ಚೆನ್ನಾಗಿ ಅವುಗಳ ಮನಸ್ಸನ್ನು ಅರಿತಿದ್ದ ಒಬ್ಬ ಕೆನಲ್ ಕೆಲಸಗಾರ ಈ ಕಾರಣಕ್ಕಾಗಿಯೇ ಎರಡನೆಯ ತಿಂಗಳಲ್ಲಿ ಬಿಟ್ಟುಹೋದ. ಕನ್ನಡದಲ್ಲಿ ಟಿಪ್ಪಣಿ ಕೊಟ್ಟಿದ್ದರೆ ಅವನು ನಮ್ಮೆಲ್ಲರಿಗಿಂತ ಮುಂದೆ ಇರುತ್ತಿದ್ದ.

ಪ್ರಮಾಣಪತ್ರದ ಬಗ್ಗೆ ಒಂದು ಮಾತು. ನಮ್ಮಲ್ಲಿ ನಾಯಿ ತರಬೇತುದಾರರಿಗೆ ಸರ್ಕಾರಿ ಪರವಾನಗಿಯ ಕಡ್ಡಾಯವಿಲ್ಲ. ಬೋರ್ಡ್ ಹಾಕಿಕೊಂಡವರೆಲ್ಲ ತರಬೇತುದಾರರೇ. ನಾಯಿ ತರಬೇತುದಾರರಿಗೆ ಪ್ರಮಾಣಪತ್ರ ನೀಡುವ ಅಮೆರಿಕದ ಸಿಸಿಪಿಡಿಟಿ ಎಂಬ ಮಂಡಳಿ ಪಾಠ ಹೇಳುವುದಿಲ್ಲ, ಪರೀಕ್ಷೆ ಮಾತ್ರ ನಡೆಸುತ್ತದೆ. ಅದರ ಸಿಪಿಡಿಟಿ-ಕೆಎ ಪರೀಕ್ಷೆಗೆ ಕೂರಬೇಕಾದರೆ ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ 300 ಗಂಟೆಗಳ ತರಬೇತಿ ಅನುಭವವಿರಬೇಕು. ಆ ಹತ್ತು ದಿನಗಳ ಶಿಬಿರದಲ್ಲಿ ನನಗೆ ದೊರೆತದ್ದು ಹೆಚ್ಚೆಂದರೆ ಎರಡೂವರೆ ಗಂಟೆ, ಅದರ ಕೊನೆಗೆ ‘ವೃತ್ತಿಪರ ತರಬೇತುದಾರ’ ಎಂಬ ಪತ್ರ.

ಆರು ತಿಂಗಳು ಬಿಡುವು ಮಾಡಿಕೊಳ್ಳಬಲ್ಲವರಿಗೆ ಎರಡನೆಯ ಬಗೆಯ ಕೋರ್ಸ್ ಅನ್ನು ನಿಸ್ಸಂಕೋಚವಾಗಿ ಹೇಳುತ್ತೇನೆ. ಹಣ ಕಟ್ಟುವ ಮುನ್ನ ಒಂದು ತರಗತಿಯಲ್ಲಿ ಸುಮ್ಮನೆ ಕೂರಲು ಬಿಡುತ್ತಾರೆಯೇ ಎಂದು ಕೇಳಿ, ನಾಯಿ ತಪ್ಪು ಮಾಡಿದಾಗ ಬೋಧಕರು ಏನು ಮಾಡುತ್ತಾರೆಂದು ಅಲ್ಲಿಯೇ ನೋಡಿ. ಹತ್ತು ದಿನಗಳ ಶಿಬಿರಕ್ಕೆ ಸೇರುವ ಮುನ್ನ ನಾನು ಹಾಗೆ ಕೇಳಿದ್ದೆ. ಹೊರಗಿನವರು ಬಂದರೆ ನಾಯಿಗಳ ಗಮನ ಕೆಡುತ್ತದೆ ಎಂದು ಒಪ್ಪಲಿಲ್ಲ. ಎರಡನೆಯವರು ಮಾತ್ರ, ಮೂಲೆಯಲ್ಲಿ ಒಂದು ಕುರ್ಚಿ ಹಾಕಿಕೊಟ್ಟು, ಇಡೀ ಬೆಳಗ್ಗೆ ಕೂತು ನೋಡಿ ಎಂದರು.